ತಿಂಗಳ ಪುಸ್ತಕ ಅರ್ಧಕ್ಕೇ ನಿಂತರೆ

ಪ್ರಶ್ನೆ: ನಮ್ಮ ಮಹಿಳಾ ಓದುಬಳಗದಲ್ಲಿ 12 ಮಂದಿ ಇದ್ದೇವೆ. ತಿಂಗಳಿಗೊಂದು ಪುಸ್ತಕ. ಸಭೆಯ ದಿನ ಮುಗಿಸಿ ಬಂದವರು ನಾಲ್ಕೇ ಜನ. ಏನು ಮಾಡೋಣ?

ಉತ್ತರ: ತಪ್ಪು ಬಹುಪಾಲು ಆಯ್ಕೆಯದ್ದು, ಓದುವವರದ್ದಲ್ಲ. ದಿನಕ್ಕೆ 10 ಪುಟದಂತೆ ತಿಂಗಳಿಗೆ 300. ಓದಲಾಗದ ದಿನಗಳನ್ನು ಕಳೆದರೆ 200 ಪುಟ ಉಳಿದೀತು. ಅದಕ್ಕಿಂತ ದಪ್ಪ ಕಾದಂಬರಿಯನ್ನು ಎರಡು ತಿಂಗಳಿಗೆ ಹಂಚಿ, ಮೊದಲ ಸಭೆಗೆ ಯಾವ ಅಧ್ಯಾಯದವರೆಗೆ ಎಂದು ಹೇಳಿಬಿಡಿ. ಪುಸ್ತಕವನ್ನು ಆರು ವಾರ ಮುಂಚೆಯೇ ಗೊತ್ತುಮಾಡಿ. ಪುಸ್ತಕದ ಪ್ರತಿ ಎಲ್ಲರ ಕೈಗೆ ಸಿಗುವುದರಲ್ಲೇ ಎಷ್ಟೋ ದಿನ ಹೋಗುತ್ತವೆ. ಕೈಯೆತ್ತಿಸಿ ಆರಿಸಬೇಡಿ, ಗಟ್ಟಿ ದನಿಯವರದೇ ಗೆಲ್ಲುತ್ತದೆ. ಸರದಿ ಬಂದವರು ಮೂರು ಹೆಸರು ಕೊಡಲಿ, ಉಳಿದವರು ಚೀಟಿ ಹಾಕಲಿ. ಮುಗಿಸದವರನ್ನೂ ಖಂಡಿತ ಕರೆಯಿರಿ: ಯಾವ ಪುಟದಲ್ಲಿ ನಿಂತಿರಿ, ಯಾಕೆ ಎಂಬಲ್ಲಿಂದಲೇ ಮಾತು ಶುರುವಾಗಲಿ.