ತೂಕದ ಮಿಷನ್ ಅಟ್ಟಕ್ಕೆ ಹಾಕಿ, ಲಂಗದ ಲಾಡಿ ನೋಡಿ

ಮೂರು ವಾರ ವಾಕಿಂಗ್ ಮಾಡಿದರೂ ತೂಕ ಬರೀ 400 ಗ್ರಾಂ ಇಳಿದಿದೆ, ನಾಳೆಯಿಂದ ರಾತ್ರಿ ಊಟ ಬಿಡುತ್ತೇನೆ ಅಂತ ಬರೆದಿದ್ದೀರಲ್ಲ, ಓದಿ ಸುಮ್ಮನಿರೋಕೆ ಆಗಲಿಲ್ಲ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ತೂಕ ನೋಡುತ್ತೀರಂತೆ ಬೇರೆ. ಬೇಡ ಕಣ್ರೀ. ನಾನು 47ನೇ ವಯಸ್ಸಿನಲ್ಲಿ ಇದನ್ನೇ ಮಾಡಿ ಕೆಟ್ಟವಳು.

ಆ ವರ್ಷ ಅಡುಗೆಮನೆ ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ತೂಕ ಬರೆಯುತ್ತಿದ್ದೆ. 71 ಅಂದರೆ 71, ಕದಲಲೇ ಇಲ್ಲ. ಹಠಕ್ಕೆ ಬಿದ್ದು ರಾತ್ರಿ ಊಟ ಬಿಟ್ಟೆ. ಬೇಳೆ ಬಿಟ್ಟೆ. ಪಪ್ಪಾಯಿ ತಿಂದು ಮಲಗಿದೆ. ನಾಲ್ಕು ತಿಂಗಳಿಗೆ ಆರು ಕೆಜಿ ಇಳಿಯಿತು. ಮದುವೆ ಮನೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮನೆಗೆ ಬಂದು ಕನ್ನಡಿ ನೋಡಿದರೆ ಕೆನ್ನೆ ಇಳಿದಿದೆ, ರವಿಕೆ ತೋಳು ಜೋಲಾಡುತ್ತಿದೆ, ಹೊಟ್ಟೆ ಮಾತ್ರ ಇದ್ದಲ್ಲೇ ಇದೆ! ನೆಲದ ಮೇಲೆ ಕೂತರೆ ಕೈ ಊರದೆ ಏಳಲು ಆಗುತ್ತಿರಲಿಲ್ಲ. ಕರಗಿದ್ದರಲ್ಲಿ ಮಾಂಸಖಂಡವೇ ಬೇಕಾದಷ್ಟಿತ್ತು. ಊಟ ಶುರು ಮಾಡಿದ ಮೇಲೆ ತೂಕ ವಾಪಸ್ ಬಂತು, ಶಕ್ತಿ ಬರಲಿಲ್ಲ.

ನಮ್ಮ ವಯಸ್ಸೇ ಹಾಗೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಮಾಂಸಖಂಡ ತಾನಾಗೇ ಕಮ್ಮಿಯಾಗುತ್ತೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದು, ತೊಡೆಯಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಬಂದು ಕೂರುತ್ತೆ. ಇದರ ಮೇಲೆ ನೀರಿನ ಆಟ. ಹಬ್ಬದ ದಿನ ಒಬ್ಬಟ್ಟು, ಪುಳಿಯೋಗರೆ ತಿಂದು, ಮಾರನೇ ದಿನ ಒಂದೂವರೆ ಕೆಜಿ ಏರಿದ್ದಕ್ಕೆ ನಾನು ಅತ್ತಿದ್ದೆ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಎಷ್ಟು ಒಬ್ಬಟ್ಟು ತಿಂದೇನು ನಾನು? ಉಪ್ಪು, ಅಕ್ಕಿ, ಸಕ್ಕರೆ ಸೇರಿ ಮೈಯಲ್ಲಿ ನೀರು ಹಿಡಿದಿಟ್ಟುಕೊಂಡಿದ್ದು, ಅಷ್ಟೇ.

ನನಗೆ ಕೈ ಹಿಡಿದದ್ದು ಲಂಗದ ಲಾಡಿ. ನಗಬೇಡಿ. ಸೊಂಟ ಕರಗಿದಷ್ಟೂ ಗಂಟು ಹಾಕಿದ ಮೇಲೆ ಉಳಿಯುವ ತುದಿ ಉದ್ದವಾಗುತ್ತೆ. ಗಂಟು ಬೀಳುವ ಜಾಗಕ್ಕೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿ. ಆಮೇಲೆ ತಿಂಗಳಿಗೊಂದು ಸಲ ಕಟ್ಟಿ ನೋಡಿದರೆ ಸಾಕು. ಬೆಳಿಗ್ಗೆ ಹೊಟ್ಟೆ ಖಾಲಿಯಾದ ಮೇಲೆ, ಕಾಫಿಗೆ ಮುಂಚೆ. ಏಳು ತಿಂಗಳಲ್ಲಿ ನನ್ನ ಕೆಂಪು ಹೊಲಿಗೆ ನಾಲ್ಕು ಬೆರಳು ಸರಿಯಿತು. ಮಿಷನ್ನಿನಲ್ಲಿ ಇಳಿದಿದ್ದು ಎರಡೇ ಕೆಜಿ! ಆದರೆ ಲಾಡಿ ಅಗಲವಾದ ಹತ್ತಿಯದ್ದೇ ಆಗಬೇಕು, ನೈಲಾನ್ ಜಾರುತ್ತೆ. ಹೊಸದಾದರೆ ಮೊದಲು ಎರಡು ಸಲ ಒಗೆಯಿರಿ. ನಾನು ಒಗೆಯದೆ ಗುರುತು ಹಾಕಿ, ಲಾಡಿ ಕುಗ್ಗಿದ ಮೇಲೆ ನಾನೇ ದಪ್ಪಗಾದೆ ಅಂದುಕೊಂಡಿದ್ದೆ. ಉಸಿರು ಎಳೆದು ಹೊಟ್ಟೆ ಒಳಗೆ ಹಾಕಿ ಕಟ್ಟೋದು ಮೋಸ. ಎಲಾಸ್ಟಿಕ್ ಲಂಗ, ಲೆಗ್ಗಿಂಗ್ಸ್ ಯಾವುದನ್ನೂ ನಂಬಬೇಡಿ. ನೈಟಿಯಂತೂ ಕೇಳಲೇಬೇಡಿ. ಅದೇ ಸೀರೆಗೆ ನೆರಿಗೆ ಒಂದು ಜಾಸ್ತಿ ಬಂದರೆ ಖುಷಿಪಡಿ, ಆದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನೆರಿಗೆ ದಿನಕ್ಕೊಂದು ಅಗಲ.

ಗಂಡಸರಿಗೂ ಹೇಳಿಬಿಡುತ್ತೇನೆ. ನಮ್ಮ ಯಜಮಾನರ ಪ್ಯಾಂಟ್ ಸೈಜ್ ಹತ್ತು ವರ್ಷದಿಂದ 34 ಅಂತೆ. ಹೊಟ್ಟೆ ಕೆಳಗೆ ಜಾರಿಸಿ ಹಾಕಿದರೆ 34 ಆಗದೆ ಇನ್ನೇನು? ಉಡಿದಾರ ಸುಳ್ಳು ಹೇಳಲ್ಲ.

ಅಂಕಿ ಬೇಕೇಬೇಕು ಅನ್ನುವವರು ಟೇಪ್ ಹಿಡಿಯಿರಿ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ. ನಮ್ಮ ದೇಶದವರಿಗೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು ಅನ್ನುತ್ತಾರೆ. ಎತ್ತರದ ಅರ್ಧಕ್ಕಿಂತ ಕಮ್ಮಿ ಅಂತ ನೆನಪಿಟ್ಟುಕೊಂಡರೂ ಆಯ್ತು. ಹಳೇ ಟೈಲರ್ ಟೇಪ್ ಹಿಗ್ಗಿರುತ್ತೆ, ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ನೋಡಿ. ಹಿಗ್ಗಿದ ಟೇಪ್ ಕಮ್ಮಿ ತೋರಿಸುತ್ತೆ, ಸುಮ್ನೆ ಖುಷಿ.

ಕೊಬ್ಬು ಎಷ್ಟು ಅಂತ ಹೇಳುವ ಬ್ಲೂಟೂತ್ ಮಿಷನ್ ತಗೊಳ್ಳಬೇಡಿ, ಯಾವ ಬ್ರಾಂಡ್ ಆದರೂ. ಸಣ್ಣ ಕರೆಂಟ್ ಹರಿಸಿ ಅಂದಾಜು ಮಾಡುತ್ತೆ. ನೀರು ಕುಡಿದರೆ ಒಂದು ಲೆಕ್ಕ, ಬೆವರಿದರೆ ಇನ್ನೊಂದು. ಪೇಸ್‌ಮೇಕರ್ ಇರುವವರು ಅದರ ಮೇಲೆ ನಿಲ್ಲಲೇಬಾರದು. ಆ ದುಡ್ಡಿಗೆ ಎರಡು ಡಂಬೆಲ್ ತಗೊಳ್ಳಿ. ತೋಳಿಗೆ ಸುತ್ತುವ ಬಿಪಿ ಮಿಷನ್ ಬೇಕಾದರೆ ತಗೊಳ್ಳಿ. ನಮ್ಮದು ಓಮ್ರಾನ್ ಕಂಪನಿಯದು, ತಕರಾರಿಲ್ಲ.

ಶಕ್ತಿ ನೋಡೋಕೆ ಕುರ್ಚಿ ಸಾಕು. ಕೈ ಎದೆಗೆ ಕಟ್ಟಿ, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ನಾನು 9ರಿಂದ 15ಕ್ಕೆ ಬಂದೆ. ಕುರ್ಚಿ ಗೋಡೆಗೆ ಒತ್ತಿರಲಿ. ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲಿದೆಯಲ್ಲ. ನಂದಿ ಸಿಗುವ ತನಕ ಎಷ್ಟು ಸಲ ನಿಂತಿರಿ? ನಾನು ಮೊದಲು ನಾಲ್ಕು ಕಡೆ ನಿಲ್ಲುತ್ತಿದ್ದೆ, ಈಗ ಒಂದು. ಮಂಡಿ ನೋವಿದ್ದರೆ ಈ ಸಾಹಸ ಬೇಡ. ಇಳಿಯೋದು ಇನ್ನೂ ಕಷ್ಟ, ನಾನು ತುದಿ ತನಕ ಹತ್ತಿ ಬಸ್ಸಲ್ಲಿ ಬರುತ್ತೇನೆ.

ರಾತ್ರಿ ಊಟದ ವಿಷಯ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದೆಯಾ ಇಲ್ಲವಾ ನೀವು ಬರೆದಿಲ್ಲ. ಇದ್ದರೆ ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ, ಶುಗರ್ ಕುಸಿದು ಬಿದ್ದುಬಿಡಬಹುದು. ಇಲ್ಲದಿದ್ದರೂ ಅನ್ನ ಕಮ್ಮಿ ಮಾಡಿ, ಹುರುಳಿ, ಕಡಲೆ, ಮೊಟ್ಟೆ ಜಾಸ್ತಿ ಮಾಡಿ. ಎಚ್‌ಬಿಎ1ಸಿ ಅನ್ನುವ ಶುಗರ್ ರಕ್ತಪರೀಕ್ಷೆ ತಿಂಗಳು ತಿಂಗಳು ಮಾಡಿಸಬೇಡಿ, ಅದು ತೋರಿಸೋದು ಎರಡು ಮೂರು ತಿಂಗಳ ಸರಾಸರಿ. ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಮಾತ್ರ ಖುಷಿಪಡದೆ ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು. ಸೊಂಟ ಕರಗಿತು ಅಂತ ರವಿಕೆ ಹಿಡಿಸೋಕೆ ಓಡಬೇಡಿ. ಆರು ತಿಂಗಳು ತಡೆಯಿರಿ, ಆಮೇಲೂ ಒಳಗೆ ಬಿಟ್ಟಿರುವ ಬಟ್ಟೆ ಕತ್ತರಿಸಬೇಡಿ ಅಂತ ಟೈಲರ್‌ಗೆ ಹೇಳಿ. ಆ ಪಪ್ಪಾಯಿ ವರ್ಷದಲ್ಲಿ ಕತ್ತರಿಸಿದ ಆರು ರವಿಕೆ ಇನ್ನೂ ನನ್ನ ಬೀರುವಿನಲ್ಲಿವೆ. ಒಂದರ ಹುಕ್ಕೂ ಬೀಳಲ್ಲ.