ಶನಿವಾರದ ಡಯಾಲಿಸಿಸ್ ತಪ್ಪಿಸಬೇಡಿ, ಫಾದರ್‌ಗೆ ಫೋನ್ ಮಾಡಿ

ಹೊನ್ನಾವರದ ಹತ್ತಿರದ ಊರಿನಿಂದ ಬಂದ ನಿಮ್ಮ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬೇರೆ ಪತ್ರಕ್ಕೆ ಉತ್ತರ ಬರೆಯೋಣ ಅಂತ ಕೂತರೂ ಕೈ ಇದರ ಕಡೆಗೇ ಹೋಗುತ್ತದೆ.

ವಿಷಯ ಇಷ್ಟು. ನಿಮಗೆ 46 ವರ್ಷ. ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷ ಆಯಿತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶನಿವಾರ, ಡಯಾಲಿಸಿಸ್. ಹುಡುಗಿಯಾಗಿದ್ದಾಗ ಚರ್ಚಿನ ಕ್ವಾಯರ್‌ನಲ್ಲಿ ಹಾಡಿದವರು ನೀವು. ಮದುವೆ ಆದಮೇಲೆ ಕ್ರಿಸ್‌ಮಸ್‌ಗೆ, ಮಾತೆ ಮರಿಯಮ್ಮನ ಹುಟ್ಟಿದ ದಿನದ ಮೊಂತಿ ಹಬ್ಬಕ್ಕೆ ಬಿಟ್ಟರೆ ಚರ್ಚ್ ಮೆಟ್ಟಿಲು ಹತ್ತಿದ್ದು ಕಡಿಮೆ. ಕಾಯಿಲೆ ಬಂದಮೇಲೆ ದೇವರು ಮತ್ತೆ ಹತ್ತಿರವಾದ. ಕಾಲು ಸೆಳೆದು, ಮೈಯೆಲ್ಲ ತುರಿಸಿ ನಿದ್ದೆ ಬರದ ರಾತ್ರಿ ಮೂರು ಗಂಟೆಗೆ ಎದ್ದು ಕೂತು ಬೈಬಲ್‌ನ ಕೀರ್ತನೆ ಓದುತ್ತೀರಿ. ಈಗ ನಾದಿನಿ ಮೂರು ದಿನದ ಪ್ರಾರ್ಥನಾ ಶಿಬಿರಕ್ಕೆ ಕರೆಯುತ್ತಿದ್ದಾರೆ. ಹೋದರೆ ಒಂದು ಶನಿವಾರ ತಪ್ಪುತ್ತದೆ. ‘ವಿಶ್ವಾಸ ಇದ್ದರೆ ಒಂದೇ ಒಂದು ಸಲ ಬಿಟ್ಟು ನೋಡು’ ಅಂದರಂತೆ. ಹೋಗದಿದ್ದರೆ ನನ್ನ ವಿಶ್ವಾಸ ಸುಳ್ಳಾ, ಅಂತ ಕೇಳಿದ್ದೀರಿ.

ಹೋಗಬೇಡಿ. ಒಂದು ಶನಿವಾರ ಬಿಟ್ಟರೆ ಮಂಗಳವಾರದಿಂದ ಮಂಗಳವಾರಕ್ಕೆ ಪೂರ್ತಿ ಏಳು ದಿನ ಆಗುತ್ತದೆ. ಅಷ್ಟು ದಿನ ಕುಡಿದ ನೀರೆಲ್ಲ ಮೈಯಲ್ಲೇ ನಿಂತು ಶ್ವಾಸಕೋಶಕ್ಕೆ ಏರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯ ನಿಂತೇ ಹೋಗಬಹುದು. ಇದು ವಿಶ್ವಾಸದ ಪರೀಕ್ಷೆ ಅಂತ ಯಾರಾದರೂ ಹೇಳಿದರೆ ನಿಮ್ಮ ಬೈಬಲ್ ತೆಗೆದು ತೋರಿಸಿ. ಯೇಸುವಿನ ಸಂದೇಶ ಸಾರುತ್ತ ಊರೂರು ತಿರುಗಿದ ಪೌಲನ ಜೊತೆಗಿದ್ದ ಲೂಕ ವೈದ್ಯ. ಪೌಲ ತನ್ನ ಶಿಷ್ಯ ತಿಮೊಥೇಯನಿಗೆ ಪತ್ರ ಬರೆದು ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಕಾಯಿಲೆ ಬಿದ್ದಿದ್ದ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲೇ ಬಿಟ್ಟು ಬರಬೇಕಾಯಿತು. ಆ ತ್ರೊಫಿಮನ ವಿಶ್ವಾಸ ಕಡಿಮೆ ಇತ್ತು ಅಂತ ಪೌಲ ಒಂದಕ್ಷರ ಬರೆಯಲಿಲ್ಲ. ಕಥೋಲಿಕ ಬೈಬಲ್‌ನಲ್ಲಿ ಸಿರಾಖನ ಪುಸ್ತಕವೂ ಇದೆಯಲ್ಲ, ಅದರ 38ನೇ ಅಧ್ಯಾಯ ಓದಿ. ಕಾಯಿಲೆ ಬಂದಾಗ ಪ್ರಾರ್ಥನೆ ಮಾಡು, ಆಮೇಲೆ ವೈದ್ಯನಿಗೂ ಜಾಗ ಬಿಡು, ಅವನನ್ನೂ ದೇವರೇ ಸೃಷ್ಟಿಸಿದ್ದು ಅಂತ ಅಲ್ಲಿ ಸ್ಪಷ್ಟವಾಗಿದೆ.

ಶಿಬಿರದ ವಿಷಯ ಇಲ್ಲಿಗೆ ಸಾಕು. ನನ್ನನ್ನು ಮೂರು ದಿನ ಕಾಡಿದ್ದು ಪತ್ರದ ಮೂರನೇ ಪುಟದಲ್ಲಿ ನೀವು ಹಾಗೇ ಬರೆದು ದಾಟಿಹೋದ ಒಂದು ಸಾಲು. ‘ಐದು ತಿಂಗಳಿಂದ ಪೂಜೆಗೆ ಹೋಗಲು ಆಗಿಲ್ಲ, ಭಾನುವಾರ ಗಂಟೆ ಹೊಡೆದಾಗ ಜಗಲಿಯಲ್ಲಿ ಕೂತಿರುತ್ತೇನೆ, ಫಾದರ್‌ಗೆ ಹೇಳೋಣ ಅಂದರೆ ಅವರಿಗೆ ಯಾಕೆ ತೊಂದರೆ ಅಂದರು ನಮ್ಮವರು.’

ಪೂಜೆಯಲ್ಲಿ ಕ್ರಿಸ್ತನ ದೇಹ ಅಂತ ನಾವು ಸ್ವೀಕರಿಸುವ ರೊಟ್ಟಿ, ಆ ಪರಮಪ್ರಸಾದ ಐದು ತಿಂಗಳು ಇಲ್ಲ! ದೇವರು ಸಿಕ್ಕಿದ್ದೇ ಈ ಕಾಯಿಲೆಯಲ್ಲಿ ಅನ್ನುವ ಹೆಂಗಸಿಗೆ!

ನಾದಿನಿ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರು ಹೇಳುವುದು ತಪ್ಪು, ಅಪಾಯ ಕೂಡ. ಆದರೆ ಅವರು ಬರುತ್ತಾರೆ, ಮಂಚದ ಮೇಲೆ ಕೂತು ಕಾಲು ಒತ್ತುತ್ತಾರೆ ಅಂತ ನೀವೇ ಬರೆದಿದ್ದೀರಿ. ರೋಗಿಯ ಹತ್ತಿರ ನಿಂತು ಮಾತಾಡಬೇಡಿ, ಕೂತುಕೊಳ್ಳಿ ಅಂತ ನಾನು ಹಠ ಹಿಡಿದು ಹೇಳುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಬೈಬಲ್‌ನಲ್ಲಿ ಎಲ್ಲ ಕಳೆದುಕೊಂಡು ರೋಗಿಯಾದ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಸರಿಯೇ ಇತ್ತು. ಬಾಯಿ ಬಿಟ್ಟು ಕಾರಣ ಹುಡುಕಲು ಹೊರಟಾಗ ಕೆಟ್ಟಿತು. ನಿಮ್ಮ ನಾದಿನಿಗೂ ಅದೇ ಆಗಿದೆ. ಕೂರಲು ಬಿಡಿ, ಮಾತು ಕೇಳಬೇಡಿ.

ಸಿಟ್ಟಿರುವುದು ನಿಮ್ಮವರ ಮೇಲೆ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಒಪ್ಪಿದೆ. ಆದರೆ ಪ್ರತಿ ಭಾನುವಾರ ಚರ್ಚಿಗೆ ಹೋಗಿ ಬರುವ ಮನುಷ್ಯ, ಬಾಗಿಲ ಹತ್ತಿರವೇ ನಿಂತಿರುವ ಫಾದರ್‌ಗೆ ‘ನನ್ನ ಹೆಂಡತಿಗೆ ಬರಲು ಆಗುತ್ತಿಲ್ಲ’ ಅನ್ನುವ ನಾಲ್ಕು ಪದ ಹೇಳಲಿಲ್ಲ. ತೊಂದರೆ ಅಂತೆ. ರೋಗಿಯ ಮನೆಗೆ ಪ್ರಸಾದ ತೆಗೆದುಕೊಂಡು ಹೋಗುವುದು ಫಾದರ್ ಮಾಡುವ ಉಪಕಾರ ಅಲ್ಲ, ಅವರ ಕೆಲಸ. ಎಷ್ಟೋ ಧರ್ಮಕೇಂದ್ರಗಳಲ್ಲಿ ತಿಂಗಳ ಮೊದಲ ಶುಕ್ರವಾರ ಅದಕ್ಕೇ ಮೀಸಲು. ಆದರೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಅವರಿಗೆ ಯಾರಾದರೂ ಹೇಳಬೇಕಲ್ವಾ?

ನನ್ನ ಅಮ್ಮನಿಗೆ ಲಕ್ವ ಹೊಡೆದಾಗ ನಾವು ಶಿರಸಿಯಲ್ಲಿದ್ದೆವು. ಜುಲೈ ತಿಂಗಳು, ಮಳೆ ಬಿಟ್ಟೇ ಇರಲಿಲ್ಲ. ಫಾದರ್ ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು, ರೇನ್‌ಕೋಟ್ ಬಿಚ್ಚಿದರು. ಕೊರಳಲ್ಲಿ ಸಣ್ಣ ಬಟ್ಟೆಯ ಚೀಲ, ಅದರೊಳಗೆ ಪ್ರಸಾದ ಇಟ್ಟ ಗುಂಡಗಿನ ಪುಟ್ಟ ಡಬ್ಬಿ. ನಾನು ಸ್ಟೂಲ್ ಮೇಲೆ ಬಿಳಿ ಬಟ್ಟೆ ಹಾಸಿ ಮೇಣದಬತ್ತಿ ಇಟ್ಟಿದ್ದೆ, ಬೆಂಕಿಪೊಟ್ಟಣ ತಂಡಿ ಹಿಡಿದು ಒಂದು ಕಡ್ಡಿಯೂ ಹತ್ತಲಿಲ್ಲ. ಕೊನೆಗೆ ಗ್ಯಾಸ್ ಒಲೆಯಲ್ಲಿ ಹಚ್ಚಿ ತಂದೆ. ಬೆಳಿಗ್ಗೆಯಿಂದ ಗಂಜಿಗೆ ಬಾಯಿ ತೆರೆಯದ ಅಮ್ಮ ಪರಮಪ್ರಸಾದದ ಒಂದು ಚೂರಿಗೆ ಬಾಯಿ ತೆರೆದಳು. ಹಾಗೇ ಕಣ್ಣು ಮುಚ್ಚಿಕೊಂಡು ತುಂಬಾ ಹೊತ್ತು ಇದ್ದಳು. ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಗುಳಿಗೆಗಳನ್ನು ಊಟದ ಜೊತೆಗೇ ನುಂಗಬೇಕು, ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸ ಹೇಗೆ ಮಾಡಲಿ ಅಂತಲೂ ಬರೆದಿದ್ದೀರಿ. ಆ ನಿಯಮ ರೋಗಿಗಳಿಗೆ ಇಲ್ಲ. ನೋಡಿಕೊಳ್ಳುವವರಿಗೂ ಇಲ್ಲ. ಭಾನುವಾರ ಪೂಜೆಗೆ ಹೋಗಲು ಆಗದ್ದು ಪಾಪವೂ ಅಲ್ಲ. ಇನ್ನೊಂದು, ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಕೇಳಿ. ನಿಮ್ಮವರು ಹೆದರಬಹುದು, ಎಣ್ಣೆ ಹಚ್ಚಲು ಫಾದರ್ ಬಂದರೆ ಕೊನೆ ಬಂತು ಅನ್ನುವ ಭಯ ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೂ ಹೋಗಿಲ್ಲ. 1972ರಲ್ಲೇ ಆರನೇ ಪೌಲ್ ಪೋಪ್ ಇದರ ವಿಧಿಯನ್ನು ಹೊಸದು ಮಾಡಿದರು. ಇದು ಸಾಯುವವರಿಗೆ ಮಾತ್ರ ಅಲ್ಲ, ದೊಡ್ಡ ಕಾಯಿಲೆ ಇರುವ ಎಲ್ಲರಿಗೂ. ಕಾಯಿಲೆ ಜೋರಾದರೆ ಮತ್ತೆ ತಗೊಳ್ಳಬಹುದು. ಯಕೋಬನ ಪತ್ರದ ಐದನೇ ಅಧ್ಯಾಯ ನೋಡಿ, ನಿಮ್ಮಲ್ಲಿ ಯಾರಾದರೂ ಅಸ್ವಸ್ಥರಿದ್ದರೆ ಸಭೆಯ ಹಿರಿಯರನ್ನು ಕರೆಯಿಸಲಿ ಅಂತ ಇದೆ. ಕರೆಯಿಸಲಿ, ಅಂದರೆ ಕರೆಯಬೇಕಾದವರು ನೀವು.

ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ, ಕಾಯಿಲೆ ಬರದಿದ್ದರೆ ದೇವರು ಸಿಗುತ್ತಿರಲಿಲ್ಲ, ಹಾಗಾದರೆ ದೇವರೇ ಇದನ್ನು ಕೊಟ್ಟನಾ ಅಂತ. ನಾನು ಹಾಗೆ ನಂಬುವುದಿಲ್ಲ. ಹುಟ್ಟು ಕುರುಡನನ್ನು ತೋರಿಸಿ ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ, ಇವನದ್ದೂ ಅಲ್ಲ, ಇವನ ತಂದೆತಾಯಿಯದ್ದೂ ಅಲ್ಲ ಅಂದ ಯೇಸು. ನಿಮ್ಮ ಕಿಡ್ನಿ ಹೋಗಿದ್ದಕ್ಕೆ ನೀವು ದೇವರಿಗೆ ವಂದನೆ ಹೇಳಬೇಕಾಗಿಲ್ಲ. ರಾತ್ರಿ ಮೂರಕ್ಕೆ ಬೇಸರ ಬಂದರೆ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಡಯಾಲಿಸಿಸ್‌ಗೆ ಎಡಗೈಗೆ ಸೂಜಿ ಚುಚ್ಚಿದ ನಾಲ್ಕು ಗಂಟೆ ಕೈ ಅಲ್ಲಾಡಿಸುವ ಹಾಗಿಲ್ಲ, ಜಪಸರ ಹಿಡಿಯಲು ಆಗುವುದಿಲ್ಲ, ಬಲಗೈಯ ಐದು ಬೆರಳನ್ನು ಎರಡೆರಡು ಸಲ ಮಡಚಿ ಹತ್ತು ನಮೋ ಮರಿಯಾ ಎಣಿಸುತ್ತೇನೆ ಅಂದಿದ್ದೀರಲ್ಲ, ಅದನ್ನು ಓದಿದ ಮೇಲೆ ನಿಮ್ಮ ವಿಶ್ವಾಸ ಸುಳ್ಳಾ ಅಂತ ಕೇಳುವ ಧೈರ್ಯ ನನಗಂತೂ ಇಲ್ಲ.

ಆದ್ದರಿಂದ ಒಂದೇ ಕೆಲಸ ಹೇಳುತ್ತೇನೆ. ಇವತ್ತೇ ಫಾದರ್‌ಗೆ ಫೋನ್ ಮಾಡಿ. ನಂಬರ್ ನಿಮ್ಮ ಹತ್ತಿರ ಇಲ್ಲದಿದ್ದರೆ ನಾದಿನಿಯನ್ನು ಕೇಳಿ, ಖಂಡಿತ ಇರುತ್ತದೆ. ಮಂಗಳವಾರ, ಶನಿವಾರ ಬಿಟ್ಟು ಯಾವ ದಿನವಾದರೂ ಬನ್ನಿ ಅನ್ನಿ. ಪ್ರಸಾದ ನುಂಗಲು ಒಂದು ಗುಟುಕು ನೀರು ಇಟ್ಟುಕೊಳ್ಳಿ, ಅದನ್ನು ದಿನಕ್ಕೆ ಕುಡಿಯಬಹುದಾದ ನೀರಿನ ಲೆಕ್ಕದಲ್ಲಿ ಹಿಡಿಯಿರಿ. ಸ್ಟೂಲ್ ಒರೆಸಿ ಬಟ್ಟೆ ಹಾಸುವ ಕೆಲಸ ನಿಮ್ಮವರಿಗೆ ಕೊಡಿ. ಬೆಂಕಿಪೊಟ್ಟಣ ಒಣಗಿದೆಯಾ ಅಂತ ಮೊದಲೇ ನೋಡಲು ಹೇಳಿ.