ಎಂಟ್ರಿಯಾಚೆಗಿನ ಲೆಕ್ಕ

ಪ್ರಶ್ನೆ: ನನಗೆ 32 ವರ್ಷ. ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ.ನಲ್ಲಿ ಶೇ. 58 ಅಂಕ ಪಡೆದಿದ್ದೇನೆ. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಕಾಸರಗೋಡು ಪೇಟೆಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಗೆ ಸೇರಿದೆ. ಎರಡು ವರ್ಷಗಳಿಂದ ಟ್ಯಾಲಿಯಲ್ಲಿ ಬಿಲ್ಲುಗಳ ಎಂಟ್ರಿ ಮಾಡುವುದಷ್ಟೇ ನನ್ನ ಪಾಲಿನ ಕೆಲಸ. ನನ್ನ ನಂತರ ಬಂದ ಹುಡುಗರು ವ್ಯಾಪಾರಿಗಳ ಅಂಗಡಿಗೆ ಹೋಗಿ ಲೆಕ್ಕ ಚರ್ಚಿಸುತ್ತಾರೆ. ಹೆಂಗಸರಿಗೆ ಆ ತಿರುಗಾಟ ಬೇಡವೆಂದು ನನ್ನನ್ನು ಕಳುಹಿಸುವುದಿಲ್ಲ. ಈಗ ಸಿ.ಎ. ಓದಲು ಹೊರಟರೆ ತಡವಾಯಿತೇ?
– ಓದುಗರು, ಬದಿಯಡ್ಕ

ಉತ್ತರ: ತಡವಾಗಿಲ್ಲ, ಆದರೆ ನಿಮ್ಮ ಪತ್ರದಲ್ಲಿ ನನಗೆ ಕಂಡ ತೊಂದರೆ ಪದವಿಯದಲ್ಲ. ಎಂಟ್ರಿ ಮಾಡುವವರಿಗೂ ಲೆಕ್ಕಕ್ಕೆ ಉತ್ತರ ಕೊಡುವವರಿಗೂ ನಡುವೆ ಇರುವ ಗೆರೆಯನ್ನು ದಾಟಲು ನಿಮ್ಮನ್ನು ಬಿಟ್ಟಿಲ್ಲ. ದೇಶದ ಮೊದಲ ಮಹಿಳಾ ಸಿ.ಎ. ಆರ್. ಶಿವಭೋಗಂ ಅವರು ಮದರಾಸಿನಲ್ಲಿ 1937ರಲ್ಲಿಯೇ ಲೆಕ್ಕಪರಿಶೋಧಕರಾಗಿ ಸ್ವಂತ ವೃತ್ತಿ ಆರಂಭಿಸಿದ್ದರು ಎಂಬುದನ್ನು ನಿಮ್ಮ ಕಚೇರಿಯವರಿಗೆ ಯಾರಾದರೂ ನೆನಪಿಸಬೇಕು.

ಅನುಮತಿಗಾಗಿ ಕಾಯದೆ, ಒಬ್ಬ ವ್ಯಾಪಾರಿಯ ಪೂರ್ತಿ ಲೆಕ್ಕವನ್ನು ನಿಮಗೇ ವಹಿಸುವಂತೆ ಕೇಳಿ. ನಿಮ್ಮ ಊರಿನ ಮಲೆನಾಡು ಸರಕನ್ನೇ ತೆಗೆದುಕೊಳ್ಳೋಣ. ನೋಂದಾಯಿತ ವ್ಯಾಪಾರಿಯೊಬ್ಬರು ಕೃಷಿಕರಿಂದ ಸಿಪ್ಪೆ ಸುಲಿಯದ ಗೇರುಬೀಜ ಕೊಂಡರೆ ಜಿಎಸ್‌ಟಿಯ ರಿವರ್ಸ್ ಚಾರ್ಜ್ ನಿಯಮದ ಪ್ರಕಾರ ತೆರಿಗೆಯನ್ನು ಮಾರಿದವರ ಬದಲು ಕೊಂಡವರೇ ಕಟ್ಟಬೇಕು. ಅದೇ ಕೃಷಿಕರು ಅಡಿಕೆ ತಂದುಕೊಟ್ಟರೆ ಆ ನಿಯಮ ಅನ್ವಯಿಸುವುದಿಲ್ಲ. ಆ ಅಡಿಕೆಯನ್ನು ಕಾಸರಗೋಡಿನಲ್ಲಿಯೇ ಮಾರಿದರೆ ತೆರಿಗೆ ಕೇಂದ್ರ ಮತ್ತು ರಾಜ್ಯ ಎಂದು ಎರಡಾಗಿ ಬೀಳುತ್ತದೆ, ರಾಜ್ಯದ ಗಡಿಯಾದ ತಲಪಾಡಿ ದಾಟಿಸಿ ಮಂಗಳೂರಿನ ವ್ಯಾಪಾರಿಗೆ ಮಾರಿದರೆ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ) ಆಗುತ್ತದೆ. ಬಿಲ್ಲನ್ನು ಕಂಡಂತೆ ಒತ್ತುತ್ತಾ ಹೋಗುವವರಿಗೆ ಈ ವ್ಯತ್ಯಾಸ ಕಾಣದು. ಅದನ್ನು ಕಂಡವರ ಬಳಿಗೆ ವ್ಯಾಪಾರಿ ತಾನಾಗಿ ಬರುತ್ತಾನೆ. ಪ್ರತಿ ತಿಂಗಳು 14ನೇ ತಾರೀಕಿನಂದು ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ಬಿಲ್ಲುಗಳಿಂದ ಕೊಂಡವರಿಗೆ ಸಿಗುವ ತೆರಿಗೆ ಕ್ರೆಡಿಟ್ಟಿನ ಪಟ್ಟಿ) ಸಿಗುತ್ತದೆ, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರ 3ಬಿಗೆ (ತೆರಿಗೆ ಕಟ್ಟುವ ರಿಟರ್ನಿಗೆ) 20 ಕೊನೆಯ ದಿನ. ಈ ನಡುವಿನ ದಿನಗಳಲ್ಲಿ ಖರೀದಿ ಪುಸ್ತಕವನ್ನು 2ಬಿಯೊಂದಿಗೆ ತಾಳೆ ನೋಡಿ, ಬಾರದ ಇನ್‌ಪುಟ್ ಕ್ರೆಡಿಟ್ಟಿನ (ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ವಜಾದ) ಪಟ್ಟಿಯನ್ನು ಬರಹದಲ್ಲಿ ಮೇಲಧಿಕಾರಿಯ ಮುಂದಿಡಿ.

ಸಿ.ಎ. ವಿಷಯ. ಶೇ. 55 ಇರುವ ವಾಣಿಜ್ಯ ಪದವೀಧರರು ಮೊದಲ ಹಂತವಾದ ಫೌಂಡೇಶನ್ ಬಿಟ್ಟು ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೇಟಿಗೆ ನೋಂದಾಯಿಸಬಹುದು, ಆದ್ದರಿಂದ ನಿಮಗೆ ಬಾಗಿಲು ತೆರೆದಿದೆ. ಇಂಟರ್‌ನಲ್ಲಿ ಎರಡು ಗುಂಪು, ಒಟ್ಟು ಆರು ಪತ್ರಿಕೆಗಳು, ಪ್ರತಿಯೊಂದರಲ್ಲಿ ಶೇ. 40 ಮತ್ತು ಗುಂಪಿನ ಒಟ್ಟಿನಲ್ಲಿ ಶೇ. 50 ಬರಬೇಕು. ಗುಂಪುಗಳನ್ನು ಒಂದೊಂದಾಗಿ ಬರೆಯಬಹುದಾದುದರಿಂದ ಮಕ್ಕಳನ್ನು ನೋಡಿಕೊಂಡೂ ಇದು ಸಾಧ್ಯ. ಕಷ್ಟ ಅದರ ನಂತರದ್ದು: ಎರಡೂ ಗುಂಪು ಪಾಸಾದ ಮೇಲೆ ಎರಡು ವರ್ಷಗಳ ಆರ್ಟಿಕಲ್‌ಶಿಪ್ (ಸಿ.ಎ. ಒಬ್ಬರ ಕೈಕೆಳಗಿನ ತರಬೇತಿ), ಸಣ್ಣ ಸ್ಟೈಪೆಂಡು, ಪೂರ್ಣಾವಧಿ ಕೆಲಸ. ಮನೆಯವರೊಡನೆ ಈ ಎರಡು ವರ್ಷಗಳ ಬಗ್ಗೆ ಈಗಲೇ ಮಾತನಾಡಿ. ಪರೀಕ್ಷೆಯ ಬಗ್ಗೆ ಆಮೇಲೆ ಮಾತನಾಡಿದರೂ ನಡೆಯುತ್ತದೆ.

ನನ್ನನ್ನು ಕೇಳಿದರೆ, ಮೊದಲು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಿ. ಬಿ.ಕಾಂ. ಸಾಕು, ನಿಗದಿತ ಪರೀಕ್ಷೆಯನ್ನು ಪಾಸು ಮಾಡಬೇಕು. ಅಲ್ಲಿಂದ ಬದಿಯಡ್ಕದಲ್ಲಿಯೇ ಕುಳಿತು ನಿಮ್ಮ ಹೆಸರಿನಲ್ಲಿ ವ್ಯಾಪಾರಿಗಳ ರಿಟರ್ನ್ ಸಲ್ಲಿಸಬಹುದು. ನಿಶ್ಚಿತ ಸಂಬಳ ಮುಖ್ಯವೆನಿಸಿದರೆ ಸೇವಾ ಸಹಕಾರಿ ಬ್ಯಾಂಕುಗಳಿವೆ. ಗುಮಾಸ್ತ ಹುದ್ದೆಗೆ ಸಹಕಾರ ಡಿಪ್ಲೊಮಾ ಕೇಳುತ್ತಾರೆ. ಕಾಸರಗೋಡು ಜಿಲ್ಲೆಯ ಮಟ್ಟಿಗೆ ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳದ ಡಿಪ್ಲೊಮಾವೂ ಸಲ್ಲುತ್ತದೆಯೆಂಬುದು ನಮ್ಮ ಕನ್ನಡದ ಅಭ್ಯರ್ಥಿಗಳಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಅರ್ಜಿ ಹಾಕುವ ಮುನ್ನ ಆಯಾ ಅಧಿಸೂಚನೆಯನ್ನು ಓದಿ ಖಚಿತಪಡಿಸಿಕೊಳ್ಳಿ. ಕಡತಗಳು ಹೆಚ್ಚಾಗಿ ಮಲಯಾಳದಲ್ಲಿರುವುದರಿಂದ ಆ ಲಿಪಿಯನ್ನು ಓದಲು ಈಗಿನಿಂದಲೇ ಅಭ್ಯಾಸ ಮಾಡಿ.

ಮುಂದಿನ ತಿಂಗಳ 20ರೊಳಗೆ ಒಬ್ಬ ವ್ಯಾಪಾರಿಯ ಲೆಕ್ಕವಾದರೂ ನಿಮ್ಮ ಕೈಗೆ ಬಂತೇ ಎಂದು ನೋಡಿ. ಬಾರದಿದ್ದರೆ ಆ ಕಚೇರಿಯನ್ನು ಬಿಡುವ ಬಗ್ಗೆ ಮತ್ತೊಮ್ಮೆ ಬರೆಯಿರಿ.